ಪದಕಕ್ಕೆ ಹೂ ಕೇಳಿದ್ದು

ಅಳಿಯನಾದವನು ಮಾವನ ಮನೆಗೆ ಹೋದರೆ ಉಣ್ಣಬೇಕು, ಮಲಗಬೇಕು, ಹೊರಡಬೇಕು. ಮಧ್ಯಸ್ಥಿಕೆಗೆ ಮಾತ್ರ ಕೂರಬಾರದು. ಇದು ನನಗೆ ತಿಳಿದದ್ದು ಕೂತ ಮೇಲೆ.

ಸತ್ತೇಗಾಲದ ನಮ್ಮ ಮಾವ ಯುದ್ಧ ಕಂಡ ಹವಾಲ್ದಾರರು. ಆ ಯುದ್ಧದ ನೆನಪಿಗೆಂದು ಅವರಿಗೊಂದು ಪದಕ ಬಂತು. ಅಂಗೈಯಗಲದ್ದು, ಒಳ್ಳೆ ಭಾರ. ಬಂದದ್ದು ಶುಕ್ರವಾರವಾದ್ದರಿಂದ ಅತ್ತೆ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ದೇವರ ಗೂಡಿನಲ್ಲಿ ಮಾದಪ್ಪನ ಪಟಕ್ಕೆ ಒರಗಿಸಿ ಪೂಜೆ ಶುರುಮಾಡಿದರು. ಅದೇ ವಾರ ಮಾವನ ಮಂಡಿನೋವು ಇಳಿಯಿತು, ಗಬ್ಬ ನಿಲ್ಲದ ಹಸು ಗಬ್ಬವಾಯಿತು. ಮಂಡಿಗೆ ಹನೂರಿನ ಡಾಕ್ಟರು ಮಾತ್ರೆ ಕೊಟ್ಟಿದ್ದರು, ಹಸುವಿಗೂ ದನದ ಡಾಕ್ಟರು ಇಂಜೆಕ್ಷನ್ ಹಾಕಿದ್ದರು. ಅವರಿಬ್ಬರ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಕೊಳ್ಳೇಗಾಲದಲ್ಲಿ ಮಾಜಿ ಸೈನಿಕರ ಸಭೆ ಗೊತ್ತಾದಾಗ ತಕರಾರು ಬಂತು. ಯುದ್ಧದಲ್ಲಿ ಮಾವನ ಜೊತೆಗಿದ್ದ ಯಳಂದೂರಿನ ಸಿದ್ದಪ್ಪನವರೂ ಆ ಸಭೆಗೆ ಬರುವವರಿದ್ದರು; ಅವರಿಗೆ ಕಣ್ಣು ಪೂರಾ ಮಂಜಾಗುತ್ತಿತ್ತು. "ಕಾಣೋದು ನಿಂತೋಗೋ ಮುಂಚೆ ಒಂದ್ಸಲ ತೋರ್ಸ್ಲಾ" ಎಂದು ಫೋನಿನಲ್ಲಿ ಹೇಳಿದ್ದರು. ಮಾವನಿಗೆ ಅದೊಂದೇ ಆಸೆ.

"ಕೊಡಮ್ಮಿ, ಸಂಜೆಗೆ ತಂದುಡ್ತೀನಿ."

"ಪೂಜೆ ಮಾಡಿರದ್ನ ಬಸ್ಸಲ್ಲಿ ತಕಂಡೋದಾರಾ? ನೀವೇ ಹೇಳಿ ಅಳಿಯಂದ್ರೇ. ಹೂ ಕೇಳುಮ. ಮಾದಪ್ಪ ಬಲಕ್ಕೆ ಕೊಟ್ರೆ ತಕಂಡೋಗ್ಲಿ, ಎಡಕ್ಕೆ ಕೊಟ್ರೆ ಇಲ್ಲ."

ಬೇಗ ಮುಗಿಯಲಿ ಎಂದು ನಾನು ಒಪ್ಪಿದೆ. ಪದಕದ ನೆತ್ತಿಯ ಮೇಲೆ ಕಣಗಿಲೆ ಹೂ ಕೂತಿತು. ಶೆಲ್ಲು ಬೀಳುವಾಗಲೂ ಗೊರಕೆ ಹೊಡೆದಿದ್ದೆ ಎನ್ನುತ್ತಿದ್ದ ಮಾವ ಕೈ ಮುಗಿದು ಬೆವರುತ್ತಿದ್ದರು. ಹೂ ಅಲ್ಲಾಡಲಿಲ್ಲ. ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿತು. ಮಧ್ಯಸ್ಥನಾದ ನಾನು ಮೆಲ್ಲಗೆ ಹಿಂದೆ ಸರಿದು ಫ್ಯಾನಿನ ಸ್ವಿಚ್ಚು ಒತ್ತಿದೆ.

ಹೂ ಎಡಕ್ಕೆ ಬಿತ್ತು.

ಮಾವ ಬರಿಗೈಯಲ್ಲಿ ಹೋದರು. ಅವರ ಬೆನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಸಂಜೆ ಮನೆ ಮುಂದೆ ಆಟೋ ನಿಂತಿತು. ಮಾವ ಸಿದ್ದಪ್ಪನವರ ಕೈ ಹಿಡಿದು ಇಳಿಸಿದರು. ಸಿದ್ದಪ್ಪನವರು ಚಪ್ಪಲಿ ಬಿಟ್ಟು, ಕಾಲು ತೊಳೆದು, ದೇವರ ಗೂಡಿನ ಮುಂದೆ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಅತ್ತೆ ತಾವೇ ಪದಕ ತೆಗೆದು ಅವರ ಅಂಗೈಯಲ್ಲಿಟ್ಟರು. ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು, ಬೆರಳಲ್ಲಿ ಸವರಿ, "ನಾವಿಬ್ರೂ ಇಷ್ಟು ಗಟ್ಟಿ ಇರ್ನಿಲ್ಲ ಕಣ್ಲಾ" ಎಂದರು. ಇಬ್ಬರೂ ನಕ್ಕರು, ಆಮೇಲೆ ಅತ್ತರು.

"ನೋಡುದ್ರಾ? ಸಿದ್ದಪ್ಪಣ್ಣನ್ನ ಮನ್ಗೇ ಕರಸ್ಕಳಕ್ಕೆ ಮಾದಪ್ಪ ಎಡಕ್ಕೆ ಕೊಟ್ಟವ್ನೆ" ಎಂದರು ಅತ್ತೆ. ನಾನು ಬಲವಾಗಿ ತಲೆಯಾಡಿಸಿದೆ.

ಮಾವ ನನ್ನ ಪಕ್ಕ ಬಂದು ಮೆಲ್ಲಗೆ ಹೇಳಿದರು: "ಇನ್ನೊಂದ್ಸಲ ಹೂ ಕೇಳುವಾಗ ನೀವು ಜಗಲಿಲಿ ಕೂತ್ಕಳಿ, ಅಳಿಯಂದ್ರೇ."

ನನ್ನ ಜೀವನದಲ್ಲಿ ನನಗೆ ಸಿಕ್ಕ ಒಂದೇ ಸೈನಿಕ ಆಜ್ಞೆ ಅದು. ಇವತ್ತಿಗೂ ಚಾಚೂ ತಪ್ಪದೆ ಪಾಲಿಸುತ್ತಿದ್ದೇನೆ.