ಒಂದು ಗೇಣು ಆಕಾಶ

ಬೀದರದ ಚಿದ್ರಿಯ ಧಮ್ಮಪಾಲ ಮಾಸ್ತರರ ವಿಮಾನ ಮನೆಯಿಂದ ಹೊರಗೆ ಬೀಳಲು ಕಾರಣ ಒಂದು ಒದ್ದೆ ಕೌದಿ.

ಆ ಭಾನುವಾರ ಬೆಳಿಗ್ಗೆ ಅವರ ಹೆಂಡತಿ ವಿಶಾಖಾ ಕೌದಿ ಒಗೆದಳು. ಕೌದಿಯೆಂದರೆ ನೀವು ಹೊದ್ದುಕೊಳ್ಳುವಂಥ ಬಡಪಾಯಿ ಕೌದಿಯಲ್ಲ. ಅತ್ತೆ, ಅತ್ತೆಯ ಅತ್ತೆ, ಅವರ ಓರಗಿತ್ತಿಯರು ಉಟ್ಟು ಬಿಟ್ಟ ಸೀರೆಗಳನ್ನೆಲ್ಲ ಪದರು ಪದರು ಸೇರಿಸಿ ಹೊಲಿದದ್ದು. ನೀರು ಕುಡಿದರೆ ಗಬ್ಬದ ಎಮ್ಮೆಯಷ್ಟು ತೂಕ. ಹಿಂಡಿದರೆ ಮಾಂಜ್ರಾ ನದಿಗೆ ಪ್ರವಾಹ. ಅಂಗಳದ ಹಗ್ಗ ಅದನ್ನು ನೋಡಿದ ಕೂಡಲೇ ಹರಿಯಿತು. ವಿಶಾಖಾ ಕೌದಿ ಹೊತ್ತು ಒಳಗೆ ಬಂದಳು. ಪಡಸಾಲೆಯಲ್ಲಿ ವಿಮಾನದ ರೆಕ್ಕೆ ಈ ಗೋಡೆಯಿಂದ ಆ ಗೋಡೆಗೆ ಚಾಚಿಕೊಂಡು ಬಿದ್ದಿತ್ತು. ಅದರ ಮೇಲೆ ಹರವಿದಳು.

"ಏ, ಅದು ರೆಕ್ಕಿ ಅದ! ಅರಬಿ ಒಣಗಸೋ ಹಗ್ಗ ಅಲ್ಲ!" ಮಾಸ್ತರರು ಕೈಯಲ್ಲಿ ನಟ್ಟು ಬಿಗಿಯುವ ಪಾನಾ ಹಿಡಿದೇ ಚೀರಿದರು.

"ಹಾರಿದ್ರ ರೆಕ್ಕಿ. ಹಾರಲಿಲ್ಲಂದ್ರ ಹಗ್ಗಾನೇ," ಅಂದಳು ವಿಶಾಖಾ.

ಆಕೆಯ ಮಾತಿನಲ್ಲಿ ತಪ್ಪಿರಲಿಲ್ಲ. ಮಾಸ್ತರರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ವಿಮಾನದ ಬಿಡಿಭಾಗಗಳನ್ನು ಪೆಟ್ಟಿಗೆ ಪೆಟ್ಟಿಗೆಯಾಗಿ ತರಿಸಿ ಪಡಸಾಲೆಯಲ್ಲೇ ಜೋಡಿಸುತ್ತ ಬಂದಿದ್ದರು. ಅಲ್ಯೂಮಿನಿಯಂ ಕೊಳವೆ ಬಂದಾಗ ಸೋಫಾ ಹೊರಗೆ ಹೋಯಿತು. ಇಂಜಿನ್ ಬಂದಾಗ ದಿವಾನ ಹೋಯಿತು. ಬಾಲ ಬಂದಾಗ ಫ್ರಿಜ್ಜು ಬಚ್ಚಲುಮನೆಯ ಬಾಗಿಲಿಗೆ ಸರಿದು, ಸ್ನಾನಕ್ಕೆ ಹೋಗುವವರು ಮೊದಲು ಮೊಸರಿನ ಗಡಿಗೆಗೆ ಕೈಮುಗಿದು ಒಳಗೆ ನುಸುಳಬೇಕಾಯಿತು. ಬೀಗರು ಬಂದರೆ ರೆಕ್ಕೆಯ ಕೆಳಗೆ ಕೂತು, ತಲೆ ಬಗ್ಗಿಸಿಯೇ ಚಹಾ ಕುಡಿದು, ಬಗ್ಗಿದ ತಲೆಯಲ್ಲೇ ಹೊರಟುಹೋಗುತ್ತಿದ್ದರು. ವಿಶಾಖಾಳ ತಾಳ್ಮೆ ಬೀದರ ಕೋಟೆಯ ಗೋಡೆಯಷ್ಟು ದಪ್ಪ. ಆದರೆ ಕೋಟೆಯೂ ಒಂದು ದಿನ ಬಿದ್ದೇ ಬಿದ್ದಿತಲ್ಲ.

"ಕೇಳ್ರಿಲ್ಲಿ. ಇವತ್ತು ಹೊತ್ತು ಮುಣಗೋದ್ರಾಗ ಇದು ನನ್ನ ಕಣ್ಣೆದುರಿಗೆ ಒಂದು ಗೇಣರೆ ನೆಲಾ ಬಿಡಬೇಕು. ಬಿಟ್ರ ಸಾಯೋತನಾ ಪಡಸಾಲ್ಯಾಗ ಇರ್ಲಿ, ನಾ ಚಕಾರ ಎತ್ತಂಗಿಲ್ಲ. ಬಿಡಲಿಲ್ಲಂದ್ರ ರಶೀದಭಾಯಿಗೆ ತೂಕಕ್ಕ ಹಾಕ್ತೇನಿ."

ಗುಜರಿ ಅಂಗಡಿಯ ರಶೀದ ಅಹ್ಮದನಿಗೆ ಗೋಡೆ ಅಡ್ಡವಿದ್ದರೂ ಕಿವಿ ಕೇಳಿಸುತ್ತದೆ. ಆಕೆ ಮಾತು ಮುಗಿಸುವುದರೊಳಗೆ ಎಮ್ಮೆ ತೂಗುವಂಥ ಕೊಕ್ಕೆಯ ತಕ್ಕಡಿ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತಿದ್ದ. "ಕ್ಯಾ ಮಾಸ್ಟರಸಾಬ್, ಜಲ್ದಿ ಇಲ್ಲರಿ. ಸಂಜಿತನಾ ಕಾಯ್ತೇನಿ."

ಮಾಸ್ತರರು ಒಂದು ಕಾಗದ ತೆಗೆದು ಎಲ್ಲರ ಮುಂದೆ ಹಿಡಿದರು. ಅವರು ಎಷ್ಟೋ ಕಚೇರಿಗಳ ಮೆಟ್ಟಿಲು ಸವೆಸಿ ತಂದ ಅನುಮತಿಯಲ್ಲಿ ಇದ್ದದ್ದು ಒಂದೇ ಮಾತು: ನೆಲದ ಮೇಲೆ ಉರುಳಿಸಬಹುದು, ಹಾರಿಸಕೂಡದು.

ನೆರೆಮನೆಯ ಮಲ್ಲಿಕಾರ್ಜುನಪ್ಪ ತೀರ್ಪು ಕೊಟ್ಟರು. ಭಾಲ್ಕಿ-ಔರಾದ ಬಸ್ಸಿನಲ್ಲಿ ಕಂಡಕ್ಟರಿಕೆ ಮಾಡಿ ನಿವೃತ್ತರಾದವರು ಅವರು. ಗಾಲಿ ಇರುವ ಯಾವುದೇ ವಸ್ತುವಿನ ಬಗ್ಗೆ ಅವರದೇ ಕೊನೆಯ ಮಾತು. "ಗೇಣು ಏರಿದ್ರ ಹಾರಿದಂಗ ಅಲ್ಲರಿ, ಎಡವಿದಂಗ. ನಮ್ಮ ಬಸ್ಸು ಕಮಲನಗರದ ರೋಡಿನ್ಯಾಗ ದಿನಾ ಮೊಳಾ ಮೊಳಾ ಏರ್ತಿತ್ತು. ಯಾರರೆ ಕೇಸ್ ಮಾಡ್ಯಾರೇನು?"

ರೆಕ್ಕೆ ಬಿಚ್ಚಿ ಸಲೀಸಾಗಿ ಹೊರಗೆ ತಂದರು. ಒಡಲು ಮಾತ್ರ ಬಾಗಿಲಲ್ಲಿ ಸಿಕ್ಕಿಕೊಂಡಿತು. ಆಗ ಎದುರು ಮನೆಯ ಜನಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದಳು. ಚಿದ್ರಿಯ ಅರ್ಧ ಜನ ಆಕೆಯ ಕೈಯಲ್ಲೇ ಹುಟ್ಟಿದವರು.

"ಜಗ್ಗಬ್ಯಾಡ್ರೋ! ಜರಾ ಹೊಳ್ಳಸ್ರಿ. ತಲಿ ಮೊದಲ ಬರಲಿ, ಹೆಗಲು ಆಮ್ಯಾಲ. ಹಾಂ, ಈಗ ಒತ್ತು ಕೊಡ್ರಿ!"

ಒತ್ತು ಕೊಟ್ಟರು. ವಿಮಾನ ಹೊರಗೆ ಬಂತು. ಅದರ ಕೊರಳಲ್ಲಿ ಬಾಗಿಲ ಚೌಕಟ್ಟೂ, ಚೌಕಟ್ಟಿನ ಜೊತೆ ಒಂದು ಮಾರು ಗೋಡೆಯೂ ಬಂತು. "ಹೆರಿಗಿ ಅಂದ್ರ ಇಷ್ಟು ಇರೋದೇ," ಅಂದಳು ಜನಾಬಾಯಿ.

ಅಷ್ಟರಲ್ಲಿ ಮೇಲೆ ವಾಯುಪಡೆಯ ತರಬೇತಿ ವಿಮಾನವೊಂದು ಗುಂಯ್ಯೆಂದು ಹೋಯಿತು. ಒಬ್ಬರೂ ತಲೆ ಎತ್ತಲಿಲ್ಲ. ಇದೊಂದನ್ನು ಪರ ಊರಿನವರಿಗೆ ಹೇಳಲೇಬೇಕು. ಬೇರೆ ಊರಲ್ಲಿ ವಿಮಾನ ಬಂದರೆ ಮುದುಕರೂ ಅಂಗಳಕ್ಕೆ ಓಡಿಬರುತ್ತಾರೆ. ನಮ್ಮ ಬೀದರದಲ್ಲಿ ತೊಟ್ಟಿಲ ಕೂಸು ಕೂಡ ಅತ್ತ ನೋಡುವುದಿಲ್ಲ. ಹುಟ್ಟಿದಂದಿನಿಂದ ಆ ಸಪ್ಪಳ ಕೇಳಿ ಕೇಳಿ ನಮ್ಮ ಕುತ್ತಿಗೆಯಲ್ಲಿ ಮೇಲಕ್ಕೆ ತಿರುಗುವ ಕೀಲೇ ತುಕ್ಕು ಹಿಡಿದಿದೆ. ಜನಾಬಾಯಿಗೆ ಮಾತ್ರ ಅದು ಗಡಿಯಾರ. "ಹತ್ತರ ವಿಮಾನ ಹೋಯ್ತು. ಇವತ್ತು ಐತಾರ ಸೈತ ಸೂಟಿ ಇಲ್ಲೇನು ಅವಕ್ಕ?" ಎಂದು ನೆಲ ನೋಡುತ್ತಲೇ ಅಂದಳು.

ಭಾಲ್ಕಿ ತಾಲೂಕಿನ ಸಾಯಗಾಂವದಿಂದ ಕುರಿಸಾಕಣೆಯ ಬಕ್ಕಪ್ಪ ಟ್ರ್ಯಾಕ್ಟರ್ ತಂದ. ಮಾಸ್ತರರ ಹುಟ್ಟೂರಿನವನೇ, ಕಡಲೆ ರಾಶಿ ಮುಗಿದ ಅವನ ಹೊಲ ರೊಟ್ಟಿ ಹಂಚಿನಷ್ಟು ಸಪಾಟು. ವಿಮಾನ ಏರಿತು, ರೆಕ್ಕೆ ಏರಿತು, ನೆರೆಹೊರೆಯವರು ಏರಿದರು, ತಕ್ಕಡಿಯ ಸಮೇತ ರಶೀದನೂ ಏರಿದ. ವಿಶಾಖಾ ಕೌದಿಯನ್ನು ತಂದು ವಿಮಾನದ ಸೀಟಿನ ಹಿಂದೆ ತುರುಕಿದಳು. "ರೆಕ್ಕಿ ಮ್ಯಾಲ ಬ್ಯಾಡಂದ್ರಿ. ಇಲ್ಲೆರೆ ಗಾಳಿಗೆ ಒಣಗ್ಲಿ."

ಹೊಲ ಮುಟ್ಟಿ ರೆಕ್ಕೆ ಜೋಡಿಸಿದ್ದೇ ತಡ, ಹೊಸ ಗಾಡಿ ಎಂದ ಮೇಲೆ ಪೂಜೆ ಆಗಬೇಡವೇ? ವಿಶಾಖಾ ಕಣ್ಣುಮುಚ್ಚಿ ಬುದ್ಧನ ತ್ರಿಶರಣ ಹೇಳಿದಳು. ಬಕ್ಕಪ್ಪ ಮುಷ್ಟಿಗಟ್ಟಲೆ ಭಂಡಾರ ತೂರಿ ಬಿಳಿ ವಿಮಾನವನ್ನು ಅರಿಶಿನದ ಮದುಮಗ ಮಾಡಿದ. ರಶೀದ ಬಿಸ್ಮಿಲ್ಲಾ ಅಂದ, ತಕ್ಕಡಿ ಒರೆಸುತ್ತ. ಮಲ್ಲಿಕಾರ್ಜುನಪ್ಪ ತೆಂಗಿನಕಾಯಿ ಎತ್ತಿ ವಿಮಾನದ ಮೂಗಿಗೇ ಗುರಿಯಿಟ್ಟಾಗ ಮಾಸ್ತರರು ಅಡ್ಡ ಬಿದ್ದು ಉಳಿಸಿಕೊಂಡರು. ಕಾಯಿ ಅವರ ಮೊಣಕಾಲಿಗೆ ಒಡೆಯಿತು. ಒಂದೇ ಏಟಿಗೆ ಎರಡು ಹೋಳು, ಶುಭಶಕುನ.

ಆದರೆ ನಿಂಬೆಹಣ್ಣು-ಮೆಣಸಿನಕಾಯಿ ಸರವನ್ನು ಜನಾಬಾಯಿ ಎಲ್ಲಿ ಕಟ್ಟಿದಳೆಂದು ಯಾರೂ ನೋಡಲಿಲ್ಲ. ವಿಮಾನದ ಮೂಗಿನ ಪಂಖಕ್ಕೆ ಕಟ್ಟಿದ್ದಳು.

ಮಾಸ್ತರರು ಇಂಜಿನ್ ಚಾಲೂ ಮಾಡಿದರು. ಪಂಖ ಗರ್ರನೆ ತಿರುಗಿತು. ಮೆಣಸಿನಕಾಯಿ ಪುಡಿಯಾಗಿ ಸಾಯಗಾಂವದ ಮೇಲೆಲ್ಲ ಮೋಡದಂತೆ ಕವಿಯಿತು. ಸೀನಿದವರ ಸದ್ದು ಔರಾದಕ್ಕೆ ಕೇಳಿಸಿ ಅಲ್ಲಿಯವರು "ಚಿರಂಜೀವಿ" ಎಂದರಂತೆ.

ಕಣ್ಣು ತೊಳೆದುಕೊಂಡು ಮತ್ತೆ ಶುರು. ಮಲ್ಲಿಕಾರ್ಜುನಪ್ಪ ಸೀಟಿ ಊದಿ, "ರೈಟ್, ರೈಟ್! ಬಿಡ್ರಿ!" ಎಂದು ರೆಕ್ಕೆ ಬಡಿದರು. ವಿಮಾನ ಓಡಿತು. ಹೊಲದ ಆ ತುದಿ ಮುಟ್ಟಿತು, ಈ ತುದಿಗೆ ಬಂತು, ಮತ್ತೆ ಆ ತುದಿಗೆ ಹೋಯಿತು. ಏರುವುದೊಂದು ಬಿಟ್ಟು ಉಳಿದದ್ದೆಲ್ಲ ಮಾಡಿತು.

"ಹೊಲಾ ಮಸ್ತ ಹರಗಿದ್ರಿ ಮಾಸ್ತರ್ರ," ಅಂದ ಬಕ್ಕಪ್ಪ. "ಮುಂದಿನ ಐತಾರ ಬರ್ರಿ, ಬಿತ್ತಿಗಿ ಮಾಡೂಣು."

ಬಿಸಿಲು ಇಳಿಮುಖವಾಯಿತು. ಜನ ಹಸಿದರು. ಜೋಳದ ಕಣಕಿಯ ಬಣವಿಯಾಚೆ ದೊಡ್ಡ ಹುಣಸೆಮರದ ಕೆಳಗೆ ಬುತ್ತಿ ಬಿಚ್ಚಿಕೊಂಡು ಕೂತರು: ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಬಕ್ಕಪ್ಪ ಉಂಡು ಟವೆಲ್ಲು ಮುಖಕ್ಕೆಳೆದು ಮಲಗಿಬಿಟ್ಟ. ಮಾಸ್ತರರು ಬುತ್ತಿ ಮುಟ್ಟದೆ ಎದ್ದರು. ಒಬ್ಬರೇ ವಿಮಾನದ ಹತ್ತಿರ ಹೋದರು. ಸೀಟಿಗೆ ಒರಗಿದರೆ ಬೆನ್ನು ತೊಪ್ಪೆಯಾಯಿತು. ನೋಡಿದರೆ ಸೀಟಿನ ಹಿಂದೆ ಕೌದಿ. "ಇದರವ್ವನ" ಎಂದು ಗೊಣಗುತ್ತ, ಎರಡೂ ಕೈಯಲ್ಲಿ ಎಳೆದೆಳೆದು ತೆಗೆದು, ಪಕ್ಕದ ಬೇಲಿಯ ಮೇಲೆ ಒಗೆದು, ಕೊನೆಯ ಸಲ ಎಂದು ಇಂಜಿನ್ ಹಚ್ಚಿದರು.

ವಿಮಾನ ಅರ್ಧ ಹೊಲ ಓಡಿರಬೇಕು, ಬಕ್ಕಪ್ಪನ ಕುರಿಹಿಂಡು ಅಡ್ಡ ಬಂತು. ಮುಂದೆ ಒಂದು ಟಗರು. ವಿಮಾನವನ್ನು ನೋಡಿ ಕೊಂಬು ಬಗ್ಗಿಸಿತು. ಮಾಸ್ತರರು ಕಣ್ಣುಮುಚ್ಚಿ ಹಿಡಿಕೆಯನ್ನು ಎದೆಗೆ ಎಳೆದುಕೊಂಡರು.

ಕಣ್ಣು ಬಿಟ್ಟಾಗ ಟಗರು ಇಲಿಯಾಗಿತ್ತು.

ಗೇಣು ಅಲ್ಲರಿ, ಮೊಳ ಅಲ್ಲ, ಮಾರಲ್ಲ! ಹುಣಸೆಮರದ ತಲೆ ಕಾಲಕೆಳಗೆ ಬಂದಿತ್ತು. ಒಂದು ಹದ್ದು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಸಾಯಗಾಂವದ ಮನೆಗಳು ಬೆಂಕಿಪೊಟ್ಟಣಗಳಂತೆ, ಮಾಂಜ್ರಾ ತಲೆಯಿಂದ ಬಿಚ್ಚಿಟ್ಟ ಪಟಗದಂತೆ ಕಂಡವು. ಮಾಸ್ತರರ ಕಣ್ಣಲ್ಲಿ ನೀರು ಬಂತು. ಈ ಸಲ ಮೆಣಸಿನಕಾಯಿಯದಲ್ಲ. ಅವರು ಮರದ ಮೇಲೆ ಒಂದು ಸುತ್ತು ಹಾಕಿದರು.

"ವಿಶಾಖಾ! ಏ ವಿಶಾಖಾ! ಮ್ಯಾಲ ನೋಡ!"

ಕೆಳಗೆ ಜನಾಬಾಯಿ ರೊಟ್ಟಿ ಮುರಿಯುತ್ತ ಅಂದಳು, "ಐದರ ವಿಮಾನ ಬಂತು. ಚಹಾಕ್ಕ ಇಡ್ರವಾ."

"ಇವತ್ತಿಂದು ಭಾಳ ಕೆಳಗ ಹೊಂಟದ," ಅಂದರು ಮಲ್ಲಿಕಾರ್ಜುನಪ್ಪ, ಹಿಂಡಿ ಕಲಸುತ್ತ. "ಡ್ರೈವರ್ ಹೊಸಾಂವ ಇರಬೇಕು."

"ನಮ್ಮ ಮನಿಯವರು ಎಲ್ಲಿ ಹೋದ್ರು?" ವಿಶಾಖಾ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಬಣವಿಯ ಸಂದಿಯಲ್ಲೂ ಇಣುಕಿದಳು. ಮೇಲೊಂದು ಬಿಟ್ಟು ಎಲ್ಲ ಕಡೆ ಹುಡುಕಿದಳು.

ಮಾಸ್ತರರು ತಡೆಯಲಾರದೆ ಒಂದು ಕಾಲಿನ ಚಪ್ಪಲಿ ಕಳಚಿ ಅವರ ನಡುವೆ ಬೀಳುವಂತೆ ಒಗೆದರು. ಅದು ಹೋಗಿ ಹುಣಸೆಮರದ ತುತ್ತತುದಿಯಲ್ಲಿ ಧ್ವಜದ ಹಾಗೆ ಸಿಕ್ಕಿಕೊಂಡಿತು.

ಹೇಗೋ ಇಳಿದರು. ಒಂಟಿ ಚಪ್ಪಲಿಯಲ್ಲಿ ಕುಂಟುತ್ತ ಓಡಿಬಂದರು. "ಹಾರಿದೆ! ನಾ ಹಾರಿದೆ!"

"ಎಷ್ಟು ಎತ್ತರ?" ವಿಶಾಖಾ ಕೇಳಿದಳು.

"ಈ ಹುಣಸಿಗಿಡದಕಿಂತ ಎತ್ತರ!"

"ನೋಡವಾ," ಅಂದಳು ಜನಾಬಾಯಿ, "ಕೇಳಿದ್ದು ಗೇಣು, ಕೊಡ್ಲತ್ತಾನ ಗಿಡಾ. ಬಿಸಲು ನೆತ್ತಿಗಿ ಏರ್ಯದ. ಮಜ್ಜಿಗಿ ಕುಡಸ್ರಿ."

"ಸುಳ್ಳಲ್ಲರಿ! ಪುರಾವೆ ಅದ. ಅಲ್ಲಿ ಗಿಡದ ತುದಿಗೆ ನೋಡ್ರಿ..."

ಮಾಸ್ತರರು ಬೆರಳೆತ್ತಿದರು. ತುಕ್ಕು ಹಿಡಿದ ಕುತ್ತಿಗೆಗಳು ಕಿರ್ರೆನ್ನುತ್ತ ಮೇಲಕ್ಕೆ ಹೊರಳತೊಡಗಿದವು. ಇನ್ನೇನು ಮುಟ್ಟಬೇಕು, ಅಷ್ಟರಲ್ಲಿ ಧೂಳೆಬ್ಬಿಸಿಕೊಂಡು ಒಂದು ಜೀಪು ಬಂದು ನಿಂತಿತು. ಖಾಕಿ ಅಂಗಿ, ಖಾಕಿ ಪ್ಯಾಂಟು, ಹುಲಿಮೀಸೆಯ ಮನುಷ್ಯ ಇಳಿದ. ಎತ್ತಿದ ಕುತ್ತಿಗೆಗಳೆಲ್ಲ ಫಟ್ಟನೆ ಕೆಳಗೆ ಬಿದ್ದವು.

"ಇಲ್ಲಿ ವಿಮಾನಾ ಹಾರಿಸಿದವರು ಯಾರು?"

ಹಾರಿಸಕೂಡದು ಎಂಬ ಕಾಗದ ಎಲ್ಲರಿಗೂ ಬಾಯಿಪಾಠ. ಮೊದಲು ಮುಂದೆ ಬಂದವಳು ವಿಶಾಖಾ. "ಯಾರೂ ಹಾರ್ಸಿಲ್ಲರಿ. ನಮ್ಮನಿಯವರು ಬರೇ ಉರುಳಸ್ಲತ್ತಿದ್ರು."

"ಇದು ವಿಮಾನ ಏನ್ರಿ ಸಾಹೇಬ್ರ?" ಮಲ್ಲಿಕಾರ್ಜುನಪ್ಪ ನಕ್ಕರು. "ಮ್ಯಾಲ ಏರಸ್ಲಿಕ್ಕ ಕ್ರೇನ್ ಬೇಕು."

"ನಮ್ಮ ಕೋಳಿ ಹಾರ್ತದ್ರಿ ಇದಕಿಂತ," ಜನಾಬಾಯಿ ಆಣೆ ಇಟ್ಟಳು.

"ಸಾಬ್, ಇದು ಪೂರಾ ಗುಜರಿ," ರಶೀದ ತಕ್ಕಡಿ ಎತ್ತಿ ತೋರಿಸಿದ. "ಸಂಜಿಗಿ ನಂದೇ."

ಖಾಕಿಯವನು ಅನುಮಾನದಿಂದ ಸುತ್ತ ನೋಡಿದ. ಆಮೇಲೆ ಮೇಲೆ ನೋಡಿದ. "ಮತ್ತ ಆ ಚಪ್ಪಲಿ?"

ಎಲ್ಲರೂ ಮೇಲೆ ನೋಡಿದರು. ಎಲ್ಲರೂ ಮಾಸ್ತರರ ಬರಿಗಾಲು ನೋಡಿದರು. ವಿಶಾಖಾಳ ಬಾಯಿ ತೆರೆದೇ ಉಳಿಯಿತು.

"ಮಂಗ್ಯಾ!" ಮಲ್ಲಿಕಾರ್ಜುನಪ್ಪ ಗುಡುಗಿದರು. "ಮಂಗ್ಯಾ ಒಯ್ದದ್ರಿ. ನಾ ಕಣ್ಣಾರೆ ಕಂಡೇನಿ."

"ಮೋಟ ಬಾಲದ್ದು," ಜನಾಬಾಯಿ ಸೇರಿಸಿದಳು. "ಕೆಂಪು ಮಾರಿದು. ಬಸರಿ ಇತ್ತು, ಪಾಪ."

ಖಾಕಿಯವನು ಮಾಸ್ತರರ ಮುಂದೆ ಬಂದು ನಿಂತ. "ನೀವ ಹೇಳ್ರಿ. ಹಾರೀರೋ ಇಲ್ಲೋ?"

ಹೌದೆಂದರೆ ಅನುಮತಿ ಹೋಗುತ್ತದೆ, ವಿಮಾನ ಹೋಗುತ್ತದೆ, ನೌಕರಿಯೂ ಹೋದೀತು. ಇಲ್ಲವೆಂದರೆ ಅಲ್ಲಿ ರಶೀದನ ತಕ್ಕಡಿ ತೂಗಾಡುತ್ತಿದೆ. ವಿಶಾಖಾ ಹಿಂದಿನಿಂದ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದಳು: ಇಲ್ಲ ಅನ್ರಿ, ಇಲ್ಲ ಅನ್ರಿ. ಮಾಸ್ತರರು ಒಮ್ಮೆ ತಮ್ಮ ಚಪ್ಪಲಿಯನ್ನು ನೋಡಿದರು. ಅವರ ಇಡೀ ಆಯುಷ್ಯದಲ್ಲಿ ಅಷ್ಟು ಎತ್ತರಕ್ಕೆ ಹೋದದ್ದು ಅದೊಂದೇ.

"ಇಲ್ಲರಿ," ಅಂದರು. "ಮಂಗ್ಯಾ ಒಯ್ತು."

ಖಾಕಿಯವನು ಉಸ್ಸೆಂದು ಜೀಪಿಗೆ ಹೋದ. ಒಳಗಿಂದ ಜರಿಯ ಶಾಲು ತೆಗೆದ. ಕುರಿಮರಿ ಗಾತ್ರದ ಗುಲಾಬಿ ಹಾರ ತೆಗೆದ. ಅದನ್ನು ನೋಡಿ ಕೊರಗಿದ.

"ಇವನ್ನೆಲ್ಲ ಈಗ ವಾಪಸ್ ಒಯ್ಯಬೇಕು ನೋಡ್ರಿ. ನಾ ಭಾಲ್ಕಿ ಕಾಲೇಜಿನ ಡ್ರೈವರ್ ಇದ್ದೇನಿ. ನಮ್ಮ ಅಧ್ಯಕ್ಷರು ಬಳ್ಳಾರಿ ಕಡಿಯವರು, ವಿಮಾನ ಕಂಡ್ರ ಇನ್ನಾ ತಲಿ ಎತ್ತತಾರ. ಇದೇ ಊರಾಗ ಸತ್ಕಾರ ಮುಗಿಸಿ ಹೊಂಟವರು ದಾರಿಯಾಗ ಕಂಡರು. ನಮ್ಮ ಭಾಗದಾಗ ಇಂಥಾ ಗಂಡಸು ಇದ್ದಾನೇನು, ನನಗ ಹಾಕಿದ ಹಾರಾನೇ ಹಾಕಿ ಕರಕೊಂಡ ಬಾ, ಅವನ ವಿಮಾನಕ್ಕ ಕಾಲೇಜಿನ್ಯಾಗ ಶೆಡ್ಡು ಕೊಡ್ತೇನಿ, ದೊಡ್ಡ ಅನುಮತಿ ನಾನೇ ತರಸ್ತೇನಿ ಅಂದ್ರು."

"ನಾನೇ!" ಮಾಸ್ತರರು ಎರಡೂ ಕೈ ಎತ್ತಿ ಕುಣಿದರು. "ನಾನೇರಿ ಹಾರಿದ್ದು! ಆ ಚಪ್ಪಲಿ ನಾನೇ ಒಗದೇನಿ!"

ಡ್ರೈವರ್ ಮೀಸೆಯಡಿ ನಕ್ಕ. "ಶಾಲು ಕಂಡ ಮ್ಯಾಲ ಎಲ್ಲಾರೂ ಹಾರ್ತಾರರಿ." ಬಕ್ಕಪ್ಪನ ಟಗರು ಅಷ್ಟರಲ್ಲಿ ಹಾರದ ಒಂದು ತುದಿ ತಿಂದಿತ್ತು. ಉಳಿದದ್ದನ್ನು ಜೀಪಿಗೆ ಹಾಕಿಕೊಂಡು ಹೊರಟೇಹೋದ.

ಹೊತ್ತು ಮುಳುಗುತ್ತಿತ್ತು. ರಶೀದ ಮೆಲ್ಲಗೆ ಕೆಮ್ಮಿದ. "ಮಾಫ್ ಕರೋ ಮಾಸ್ಟರಸಾಬ್. ನೀವೇ ಹಾರಿಲ್ಲಂದ್ರಿ. ತೂಕ ಹಚ್ಚೂಣು?"

ಹುಣಸೆಯ ದಪ್ಪ ಟೊಂಗೆಯ ಮೇಲಿಂದ ಹಗ್ಗ ಹಾಯಿಸಿ ತಕ್ಕಡಿ ತೂಗುಹಾಕಿದರು. ಕೊಕ್ಕೆಗೆ ವಿಮಾನ ಕಟ್ಟಿ, ಹಗ್ಗದ ತುದಿಯನ್ನು ಟ್ರ್ಯಾಕ್ಟರಿಗೆ ಬಿಗಿದರು. ಬಕ್ಕಪ್ಪ ಎದ್ದು, ಕಣ್ಣುಜ್ಜಿಕೊಂಡು, ಏನೂ ತಿಳಿಯದೆ ಟ್ರ್ಯಾಕ್ಟರ್ ಮುಂದಕ್ಕೆ ಬಿಟ್ಟ. ತಕ್ಕಡಿಯ ಮುಳ್ಳು ನಡುಗಿತು. ವಿಮಾನದ ಗಾಲಿ ಮೂರೂ ಮೆಲ್ಲಗೆ ಮಣ್ಣು ಬಿಟ್ಟು ಮೇಲೆದ್ದವು.

ಮಾಸ್ತರರು ಧಡ್ಡನೆ ನೆಲಕ್ಕೆ ಬಿದ್ದು, ಗಾಲಿಯ ಕೆಳಗೆ ಕೈ ಚಾಚಿ, ಹೆಬ್ಬೆರಳಿಂದ ಕಿರುಬೆರಳಿಗೆ ಅಳೆದರು.

"ವಿಶಾಖಾ! ಗೇಣು! ಬರೋಬ್ಬರಿ ಗೇಣು! ಹೊತ್ತು ಇನ್ನಾ ಮುಣಗಿಲ್ಲ, ನಿನ್ನ ಕಣ್ಣೆದುರಿಗೇ ನೆಲಾ ಬಿಟ್ಟದ!"

ವಿಶಾಖಾ ಗಾಲಿ ನೋಡಿದಳು. ಮರದ ತುದಿಯ ಚಪ್ಪಲಿ ನೋಡಿದಳು. ಅದನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. ಆಮೇಲೆ ನಗು ತಡೆಯಲಾರದೆ ಸೆರಗು ಬಾಯಿಗೆ ಹಿಡಿದಳು. "ಇಳಸ್ರಿ ರಶೀದಭಾಯಿ. ಮಾತಂದ್ರ ಮಾತು."

ಕತ್ತಲಾದ ಮೇಲೆ ಚಿದ್ರಿ ಮುಟ್ಟಿದರು. ಗೋಡೆಯ ತೂತಿನಿಂದಲೇ ವಿಮಾನ ಪಡಸಾಲೆ ಸೇರಿತು. ಮಲ್ಲಿಕಾರ್ಜುನಪ್ಪ ಮತ್ತು ರಶೀದ ಸೇರಿ ಮುರಿದ ಚೌಕಟ್ಟನ್ನು ಕೂರಿಸಿ, ಇಟ್ಟಿಗೆ ಕಟ್ಟಿ, ಈ ಸಲ ಆನೆ ಗುದ್ದಿದರೂ ಬೀಳದ ಹಾಗೆ ಸಿಮೆಂಟು ಮೆತ್ತಿದರು. ಬೇಲಿಯ ಮೇಲಿದ್ದ ಕೌದಿಯನ್ನು ಕುರಿಗಳು ಎಳೆದು ತುಳಿದು ಕೆಸರು ಮಾಡಿದ್ದರಿಂದ ವಿಶಾಖಾ ಬಂದವಳೇ ಅದನ್ನು ಮತ್ತೆ ಒಗೆಯಲು ಕೂತಳು.

ಮೇಲೆ ಏನೋ ಗುಂಯ್ಯೆಂದಿತು. ಮಾಸ್ತರರೊಬ್ಬರೇ ತಲೆ ಎತ್ತಿದರು.

"ಮ್ಯಾಲೇನು ನೋಡ್ಲತ್ತೀರಿ? ಈ ತುದಿ ಹಿಡೀರಿ," ಅಂದಳು ವಿಶಾಖಾ, ಹಿಂಡಿದ ಕೌದಿಯನ್ನು ಅವರ ಕೈಗೆ ಕೊಡುತ್ತ. ಅಂಗಳದ ಹಗ್ಗ ಇನ್ನೂ ಹರಿದೇ ಇತ್ತು. ಇಬ್ಬರೂ ಕೌದಿ ಹಿಡಿದು ಪಡಸಾಲೆಯ ಕಡೆ ನಡೆದರು.