ಬಾವಿಯಲ್ಲಿ ಈಜಿದವಳು ಕಡಲಿಗೆ ಇಳಿದದ್ದು

ತಮಾಷೆಯ ಪ್ರಸಂಗಗಳು ಮನುಷ್ಯನನ್ನು ಹುಡುಕಿಕೊಂಡು ಬರುತ್ತವೆ. ಸಮುದ್ರದ ತಳಕ್ಕೆ ಹೋಗಿ ಕೂತರೂ ಬಿಡುವುದಿಲ್ಲ. ಎಲ್ಲವನ್ನೂ ಬರೆದಿಡುವ ಚಾಳಿ ನನಗಿರುವುದರಿಂದ ಇವು ಉಳಿದುಕೊಂಡಿವೆ.

೧. ಅಪ್ಪಣೆ

ಇದು ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಚಳ್ಳಕೆರೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದೆ. ನಮ್ಮ ವಂಶದಲ್ಲಿ ಎಂ.ಎಸ್ಸಿ. ಮಾಡಿದ ಮೊದಲ ಹೆಂಗಸು ನಾನೇ, ಹೇಳಿಕೊಳ್ಳಲು ಸಂಕೋಚವಿಲ್ಲ. ನಮ್ಮವರು ತೀರಿಕೊಂಡ ಮೇಲೆ ಮನೆಯ ಯಜಮಾನಿಕೆಯೂ ನನಗೇ ಬಂತು. ಅತ್ತೆ, ಇಬ್ಬರು ಮೈದುನರು, ಅವರ ಹೆಂಡಿರು ಮಕ್ಕಳು. ಎಲ್ಲರೂ ನನ್ನನ್ನೇ ಕೇಳಬೇಕು. “ಅಕ್ಕಾ, ಅಕ್ಕಿ ಎಷ್ಟು ಹಾಕ್ಲಿ?” “ಅತ್ತಿಗೆ, ಬೀಗದಕೈ ಎಲ್ಲೈತೆ?” ಹೇಗಿದ್ದೀರಿ ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಯಜಮಾನಿ ಚೆನ್ನಾಗಿಯೇ ಇರುತ್ತಾಳೆ ಎಂಬುದು ಅವರ ನಂಬಿಕೆ.

ಒಂದು ಬೇಸಿಗೆಯಲ್ಲಿ ಕಾಲೇಜಿಗೆ ಸುತ್ತೋಲೆ ಬಂತು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳಕ್ಕಿಳಿದು, ಹವಳದ ಮೇಲಿನ ಜೀವಿಗಳನ್ನು ಎಣಿಸುವ ತರಬೇತಿ. ಹೆಸರು ಕೊಟ್ಟುಬಿಟ್ಟೆ.

ಮೈದುನ ಗಾಬರಿಯಾದ. “ಅತ್ತಿಗೆ, ನಮ್ಮೂರಾಗೆ ಕುಡಿಯೋಕೇ ಟ್ಯಾಂಕರ್ ಬರಬೇಕು. ನೀವು ಮುಳುಗೋಕೆ ಹೊಂಟೀರಾ?”

ಕಡಲೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು: “ಹೋಗ್ಲಿ ಬಿಡಲೇ. ಬರೋವಾಗ ಒಂದು ಕೊಡ ತುಂಬ್ಕೊಂಡು ಬರ್ತಾಳೆ.”

೨. ಇಲ್ಲದ ಗೋಡೆ

ನನ್ನ ತವರು ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದ ಹತ್ತಿರ. ಹೊಲದ ಬಾವಿಯಲ್ಲಿ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವಳು ನಾನು. ದಡದಲ್ಲಿ ಅಜ್ಜಿ ಕೂತು ಗಳಿಗೆಗೊಮ್ಮೆ “ಐದೀಯೇನೇ?” ಎಂದು, ಅಂದರೆ ಇದ್ದೀಯೇನೇ ಎಂದು, ಕೂಗುತ್ತಿದ್ದಳು. ನೀರಿನಲ್ಲಿದ್ದವರು “ಐದೀನಿ!” ಎನ್ನಬೇಕು. ಹೂಳು ತೆಗೆಯುವವರೇ ಇಳಿಯಲಿ, ಈಜುವವರೇ ಇಳಿಯಲಿ, ಮೇಲಿದ್ದವರು ಹೀಗೆ ಕೂಗಿ ವಿಚಾರಿಸುವುದು ನಮ್ಮ ಊರಿನ ಪದ್ಧತಿ.

ತರಬೇತಿಯ ಮೊದಲ ದಿನ ದೋಣಿಯವರೆಗೆ ನೇರವಾಗಿ ಈಜಿ ತೋರಿಸಬೇಕಿತ್ತು. ನಾನು ನಾಲ್ಕು ಕೈ ಹೊಡೆಯುವುದು, ತಿರುಗುವುದು. ನಾಲ್ಕು ಕೈ ಹೊಡೆಯುವುದು, ತಿರುಗುವುದು. ಬಾವಿಯಲ್ಲಿ ಅಷ್ಟರಲ್ಲೇ ಗೋಡೆ ಸಿಗುತ್ತಿತ್ತಲ್ಲ, ಮೈ ಅದನ್ನು ಮರೆತಿರಲಿಲ್ಲ. ಉಳಿದವರು ದೋಣಿ ಹತ್ತಿ ಚಹಾ ಕುಡಿಯುತ್ತಿದ್ದರು. ನಾನು ಅರಬ್ಬೀ ಸಮುದ್ರದಲ್ಲಿ ನನ್ನದೇ ಒಂದು ಬಾವಿ ಮಾಡಿಕೊಂಡು ಅದರೊಳಗೆ ಸುತ್ತುತ್ತಿದ್ದೆ.

ಕಾರವಾರದ ಕಡೆಯ ತರಬೇತುದಾರ ಕೂಗಿದ: “ಮೇಡಂ, ಇಲ್ಲಿ ಗೋಡೆ ಇಲ್ಲ!”

“ಗೊತ್ತಪ್ಪಾ, ಅದೇ ಭಯ!” ಎಂದೆ.

೩. ಬೈಗುಳದ ಬಲ

ನೀರಿನೊಳಗೆ ಏರದೆ, ಇಳಿಯದೆ ನಡುವೆ ನಿಲ್ಲುವುದೇ ಈ ವಿದ್ಯೆಯ ಸಾರ. ಕೈಕಾಲು ತಾಗಿದರೆ ಹವಳ ಮುರಿಯುತ್ತದೆ. ಸೊಂಟಕ್ಕೆ ಸೀಸದ ತೂಕ, ಮೈಗೆ ಗಾಳಿ ತುಂಬುವ ಜಾಕೆಟ್ಟು ಇದ್ದರೂ ಕೊನೆಯ ಹದ ಉಸಿರಿನದು. ಎಳೆದುಕೊಂಡರೆ ಏರುತ್ತೇವೆ, ಬಿಟ್ಟರೆ ಇಳಿಯುತ್ತೇವೆ.

ಒಬ್ಬೊಬ್ಬರೇ ಇಳಿಯುವಂತಿಲ್ಲ. ನನಗೆ ಜೋಡಿಯಾದವರು ಅನಂತಪುರದ ಕಡೆಯ ಉಪನ್ಯಾಸಕಿ. ನಿಯಮದಂತೆ ಅವರು ಆಗಾಗ ಹಿಂತಿರುಗಿ, ಬೆರಳನ್ನು ಉಂಗುರ ಮಾಡಿ, ಸರಿಯಾಗಿದ್ದೀರಾ ಎಂದು ಕೇಳುತ್ತಿದ್ದರು. ನಾನೂ ಉಂಗುರ ತೋರಿಸಬೇಕು. ಅಜ್ಜಿಯ ‘ಐದೀಯೇನೇ’ ಎಷ್ಟೋ ವರ್ಷದ ಮೇಲೆ ಸಮುದ್ರದ ತಳದಲ್ಲಿ ಸಿಕ್ಕಿತು. ಇನ್ನೊಮ್ಮೆ ಕೇಳಲಿ ಎಂದು ಕೆಲವು ಸಲ ಬೇಕೆಂದೇ ಹಿಂದೆ ಉಳಿಯುತ್ತಿದ್ದೆ.

ಆದರೆ ಅವರು ನೀರಿನೊಳಗೆ ಬರೆಯುವ ಹಲಗೆಯ ಮೇಲೆ ಎಣಿಕೆ ತಪ್ಪು ಬರೆದಾಗಲೆಲ್ಲ ಗದರಿಸಲು ಎದೆತುಂಬ ಉಸಿರು ಎಳೆದುಕೊಳ್ಳುತ್ತಿದ್ದೆ. ಮನೆಯಲ್ಲಿ ಅದೇ ರೂಢಿ. ಬೈಗುಳ ಹೊರಡುವ ಮೊದಲೇ ನಾನು ಮೇಲಕ್ಕೆ ಹೊರಟಿರುತ್ತಿದ್ದೆ. ನೀರಿನ ಮೇಲೆ ನನ್ನ ತಲೆ ಕಂಡರೆ ಸಾಕು, ತರಬೇತುದಾರ ಕೇಳುತ್ತಿದ್ದ: “ಈಗೇನು ತಪ್ಪು ಮಾಡಿದ್ರು ಮೇಡಂ ಅವರು?”

ಒಮ್ಮೆ ಹಿಂದೆಯೇ ಮೇಲೆ ಬಂದ ಜೋಡಿ ಕೈಮುಗಿದು ತೆಲುಗಿನಲ್ಲಿ ಅಂದರು: “ತಿಟ್ಟಂಡಿ ಅಕ್ಕಾ, ಕಾನೀ ಕಿಂದೇ ಉಂಡಿ ತಿಟ್ಟಂಡಿ.” ಬೈಯಿರಿ, ಆದರೆ ಕೆಳಗೇ ಇದ್ದು ಬೈಯಿರಿ!

೪. ಪರೀಕ್ಷೆ

ಕೊನೆಯ ದಿನ ಪರೀಕ್ಷೆ. ನೀರಿನಲ್ಲಿ ನಿಲ್ಲಲು ಬಾರದವರು ಮುಂದಿನ ಎಣಿಕೆಗಳಲ್ಲಿ ದೋಣಿಯಲ್ಲೇ ಕೂತು ಬೇರೆಯವರ ಎಣಿಕೆ ಬರೆದುಕೊಳ್ಳಬೇಕು. ಅವರ ಜೋಡಿ ಇನ್ನೊಬ್ಬರ ಪಾಲು. ಎಲ್ಲರಿಂದ ದೂರ ಕೂತು ಬರೆದುಕೊಳ್ಳುವ ಕೆಲಸ ಊರಿನಲ್ಲೇ ಬೇಕಾದಷ್ಟಿತ್ತು. ನಾನು ಪಾಸಾಗಲೇಬೇಕಿತ್ತು.

ಹವಳದ ಮೇಲೆ ಹಾಸಿದ ಅಳತೆಯ ಪಟ್ಟಿಗಿಂತ ತುಸು ಮೇಲೆ ತೇಲಿ ನಿಂತೆವು. ಜೋಡಿ ನಕ್ಷತ್ರಮೀನಿನ ಬಳಗದ ಒಂದು ಕಡಲಸೌತೆಯನ್ನು ಹುಳುಗಳ ಸಾಲಿಗೆ ಸೇರಿಸಿಬಿಟ್ಟರು! ನನ್ನ ಎದೆ ಉಬ್ಬಿತು, ಕಾಲು ಮೇಲೆದ್ದಿತು. ಆ ಹೊತ್ತಿಗೆ ಏಕೋ ಮನೆಯ ಸಂಜೆ ಕಣ್ಣಿಗೆ ಕಟ್ಟಿತು. ಎಲ್ಲರೂ ಟಿ.ವಿ. ಮುಂದೆ ನಗುತ್ತಿರುತ್ತಾರೆ. ನಾನು ಒಳಗೆ ಕಾಲಿಟ್ಟರೆ ನಗು ನಿಂತು, ಜಾಗ ಬಿಟ್ಟು ಎದ್ದು ಹೋಗುತ್ತಾರೆ. ಉದ್ದನೆಯದೊಂದು ನಿಟ್ಟುಸಿರು ಬಂತು. ಮೆಲ್ಲಗೆ ಇಳಿದು ಸರಿಯಾದ ಜಾಗದಲ್ಲಿ ನಿಂತೆ. ಮತ್ತೆ ಏರುವ ಹಾಗಾದಾಗ ನಮ್ಮವರ ಖಾಲಿ ಕುರ್ಚಿಯನ್ನು ನೆನೆದೆ. ಅಲುಗಲಿಲ್ಲ. ಹಲಗೆ ಇಸಿದುಕೊಂಡು ಕಡಲಸೌತೆಯನ್ನು ಅದರ ಸಾಲಿಗೆ ಸೇರಿಸಿದೆ.

ಜೊತೆಗೆ ಇಳಿದು ನೋಡುತ್ತಿದ್ದ ತರಬೇತುದಾರ ಮೇಲೆ ಬಂದ ಕೂಡಲೇ ಕೇಳಿದ: “ಮೇಡಂ, ಉಸಿರು ಬಿಡೋದನ್ನ ಇಷ್ಟು ಚೆನ್ನಾಗಿ ಎಲ್ಲಿ ಕಲಿತ್ರಿ?”

“ಚಳ್ಳಕೆರೆಯಲ್ಲಿ.”

“ಅಲ್ಲಿ ನೀರೇ ಇಲ್ಲ ಅಂತಿದ್ರಿ?”

“ನಿಟ್ಟುಸಿರಿಗೆ ನೀರು ಯಾಕಪ್ಪಾ?”

೫. ಬಚ್ಚಲುಮನೆ

ಊರಿಗೆ ಬಂದ ಸಂಜೆ ಅತ್ತೆ ಕೇಳಿದರು: “ಅಷ್ಟು ನೀರಾಗೆ ಒಬ್ಳೇ ಇದ್ಯೇನೇ?”

ಒಬ್ಬಳೇ ಅಲ್ಲ, ಜೋಡಿಯವರು ಗಳಿಗೆಗೊಮ್ಮೆ ವಿಚಾರಿಸುತ್ತಿದ್ದರು ಎಂದು ಹೇಳಿದೆ. ಬಾವಿಯ ದಡದ ಅಜ್ಜಿಯ ಕೂಗನ್ನೂ ಹೇಳಿದೆ. “ಅಜ್ಜಿ ಹೋದ ಮೇಲೆ ನನ್ನನ್ನ ಯಾರೂ ಹಂಗೆ ಕೇಳಿರಲಿಲ್ಲ ಅತ್ತೆ” ಎಂಬ ಮಾತೂ ಬಾಯಿಂದ ಬಿತ್ತು. ಅವರು ಕಡಲೆಕಾಯಿ ಸುಲಿಯುತ್ತಲೇ ಇದ್ದರು.

ಮರುದಿನ ಬೆಳಿಗ್ಗೆ ಸ್ನಾನಕ್ಕೆ ಕೂತಿದ್ದೆ. ಬಚ್ಚಲ ಬಾಗಿಲ ಆಚೆಯಿಂದ ಅತ್ತೆಯ ದನಿ: “ಐದೀಯೇನೇ?”

ಚೊಂಬು ಕೈಯಲ್ಲೇ ನಿಂತಿತು. “ಐದೀನಿ ಅತ್ತೆ” ಎಂದೆ.

“ಇದ್ರೆ ಬೇಗ ಬಾ. ಬಿಸಿನೀರು ನಂಗೂ ಬೇಕು.”

ನಾನು ಏಳಲಿಲ್ಲ. ಇನ್ನೊಮ್ಮೆ ಕೂಗಲಿ ಎಂದು ಸದ್ದಿಲ್ಲದೆ ಕೂತೆ. ಸ್ವಲ್ಪ ಹೊತ್ತಿಗೆ ಅತ್ತೆ ಬಾಗಿಲು ದಬದಬ ಬಡಿದರು.

“ಏ ಇವಳೇ, ಸಮುದ್ರದಾಗೆ ಮುಳುಗದೆ ಬಂದೋಳು ಬಕೆಟ್ನಾಗೆ ಮುಳುಗಿದ್ಲು ಅಂದ್ರೆ ಊರೇ ನಗ್ತೈತೆ! ಐದೀಯೋ ಇಲ್ಲೋ?”