ಏಳನೇ ನಂಬರಿನ ಇಂಜಿನ್ನು

ಅವತ್ತಿನ ರಾದ್ಧಾಂತಕ್ಕೆಲ್ಲ ಮೂಲ ಒಂದು ಕುಂಕುಮದ ಭರಣಿಯ ಮುಚ್ಚಳ. ಹಿತ್ತಾಳೆಯದು, ಅರ್ಧ ನಿಂಬೆಹಣ್ಣಿನಷ್ಟು ಗಾತ್ರ, ನೆತ್ತಿಯ ಮೇಲೊಂದು ಪುಟ್ಟ ಮೊಗ್ಗು. ಯಾರು ನೋಡಿದರೂ ಅದನ್ನು ಮುಚ್ಚಳ ಎಂದೇ ಅಂದಾರು. ಚನ್ನಗಿರಿಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಜಯದೇವಪ್ಪನ ಕಣ್ಣಿಗೆ ಮಾತ್ರ ಅದು ರೈಲು ಇಂಜಿನ್ನಿನ ಬೆನ್ನ ಮೇಲೆ ಕೂರುವ ಉಗಿಯ ಗುಮ್ಮಟವಾಗಿ ಕಂಡಿತು. ಬೆಳಗಿನ ಜಾವ ಹೆಂಡತಿ ಸರ್ವಮಂಗಳಮ್ಮ ಸ್ನಾನಕ್ಕೆ ಹೋದ ಹೊತ್ತು ನೋಡಿ ಎತ್ತಿಕೊಂಡು ಹೋಗಿ ಬೆಸುಗೆ ಹಾಕಿಯೇಬಿಟ್ಟ.

ಊರಿಗೆ ರೈಲೇ ಇರಲಿಲ್ಲ. ಆದರೆ ಐದು ವರ್ಷದವನಿದ್ದಾಗ ಜಯದೇವಪ್ಪ ಅಪ್ಪನ ತೊಡೆಯ ಮೇಲೆ ಕೂತು, ಕಾಡಿನೊಳಗೆ ಓಡುತ್ತಿದ್ದ ಸಣ್ಣ ರೈಲಿನಲ್ಲಿ ಒಂದೇ ಒಂದು ಸಲ ಹೋಗಿಬಂದಿದ್ದ. ಆ ರೈಲು ನಿಂತು, ಹಳಿ ಕಿತ್ತು, ನಲವತ್ತು ವರ್ಷವಾಗಿತ್ತು. ಅವನ ತಲೆಯೊಳಗೆ ಮಾತ್ರ ಅದು ಇನ್ನೂ ಕೂಗುತ್ತ ಓಡುತ್ತಿತ್ತು. ಕೊನೆಗೆ ಎಪ್ಪತ್ತೇಳನೇ ಇಸವಿಯಲ್ಲಿ ತಡೆಯಲಾರದೆ, ಒಂದು ಮಾಸಿದ ಫೋಟೋ ಮುಂದಿಟ್ಟುಕೊಂಡು ಅದನ್ನೇ ಸಣ್ಣದಾಗಿ ಕಟ್ಟತೊಡಗಿದ. ಈಗ ಎಂಬತ್ತೊಂದನೇ ಇಸವಿ.

ಬಾಯ್ಲರ್ ಅಂದರೆ ಹೆಂಡತಿಯ ಪೌಡರ್ ಡಬ್ಬ. ಎಷ್ಟು ತೊಳೆದರೂ ಇಂಜಿನ್ನು ಮಲ್ಲಿಗೆ ವಾಸನೆ ಬಿಡಲಿಲ್ಲ. ಚಕ್ರಗಳು ಹಳೆಯ ತೂತಿನ ಕಾಸು, ಹಳಿಗಳು ಮುರಿದ ಕೊಡೆಗಳ ಕಡ್ಡಿ. ಚಹಾಪುಡಿ ಪೆಟ್ಟಿಗೆಯ ಪ್ಲೈವುಡ್ಡಿನಿಂದ ಮೂರು ಬೋಗಿ, ಕಿಟಕಿಗೆ ತೊಳೆದ ಎಕ್ಸ್‌ರೇ ಫಿಲ್ಮು. ಉಳಿದದ್ದಕ್ಕೆ ಅವನು ಓಣಿಯ ರೂಢಿಯನ್ನು ನಂಬಿದ. ಎರವಲು ತಂದದ್ದನ್ನು ಕೊಟ್ಟವರು ಕೇಳುವ ತನಕ ಹಿಂದಕ್ಕೆ ಕೊಡುವ ಪದ್ಧತಿ ಆ ಓಣಿಯಲ್ಲಿ ಇರಲಿಲ್ಲ, ಕೇಳುವುದು ಮರ್ಯಾದೆಯೂ ಅಲ್ಲ. ತಂದದ್ದಕ್ಕೆ ಬೆಸುಗೆ ಹಾಕಬಾರದೆಂದು ಯಾರೂ ಅವನಿಗೆ ಹೇಳಿರಲಿಲ್ಲ.

ಇಡೀ ಇಂಜಿನ್ನಿನಲ್ಲಿ ಅವನು ನ್ಯಾಯವಾಗಿ ಕೊಂಡುತಂದದ್ದು ಒಂದೇ. ಹೊನ್ನಾಳಿಯ ಗುಜರಿಯವನ ರಾಶಿಯಲ್ಲಿ ಸಿಕ್ಕ, ರೂಪಾಯಿ ಅಗಲದ ಹಿತ್ತಾಳೆ ಬಿಲ್ಲೆ. ಅಂಚಿನಲ್ಲಿ ಆ ಸಣ್ಣ ರೈಲಿನ ಮುದ್ರೆ, ನಡುವೆ 7 ಎಂಬ ಅಂಕಿ. ಮುರಿದ ಕಿವಿಗೆ ಯಾರೋ ತಾಮ್ರದ ತಂತಿ ಸುತ್ತಿದ್ದರು. ಇಂಜಿನ್ನಿನ ನಂಬರ್ ಬಿಲ್ಲೆ ಇಷ್ಟು ಚಿಕ್ಕದಿರುತ್ತದೆಯೇ ಎಂದು ಒಮ್ಮೆ ಅನುಮಾನ ಬಂದಿತ್ತು. ‘ಸಣ್ಣ ರೈಲಲ್ಲವೇ’ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಇಂಜಿನ್ನಿನ ಮೂತಿಗೆ ಅದನ್ನು ಕೂರಿಸಿ, ಮೂರು ಬೋಗಿಗಳ ಮೇಲೂ ಏಳು ಎಂದು ಬಣ್ಣದಲ್ಲಿ ಬರೆದಿದ್ದ.

ಅವತ್ತು ಒಂದು ಗಂಟೆಯ ಬಸ್ಸಿಗೆ ಬಸವಾಪಟ್ಟಣದಿಂದ ಚಿಕ್ಕಹನುಮಂತಪ್ಪ ಬರುವವರಿದ್ದರು. ಆ ರೈಲಿನ ಒಲೆಗೆ ಸೌದೆ ತುಂಬುತ್ತಿದ್ದ ಫೈರ್‌ಮನ್, ಈಗ ಎಪ್ಪತ್ತರ ಮುದುಕ. ಆ ಇಂಜಿನ್ನನ್ನು ಮುಟ್ಟಿ ಬಲ್ಲವರು ಬೇರೆ ಯಾರೂ ಉಳಿದಿರಲಿಲ್ಲ. ಮೂರು ಕಾಗದ ಬರೆದ ಮೇಲೆ ಒಪ್ಪಿದ್ದರು, ನಾಲ್ಕರ ಬಸ್ಸಿಗೆ ವಾಪಸ್ಸು. ಅವರು ನೋಡಿ ‘ಹೌದು, ಇದೇ’ ಎಂದರೆ ಸಾಕಿತ್ತು. ನಾಲ್ಕು ವರ್ಷ ಮಕ್ಕಳಾಟ ಎಂದು ನಕ್ಕ ಓಣಿಯ ಬಾಯಿ ಮುಚ್ಚುತ್ತಿತ್ತು. ಅಪ್ಪನ ತೊಡೆಯ ಮೇಲೆ ಕೂತು ಕಂಡದ್ದು ಕನಸಲ್ಲವೆಂದು ಜಯದೇವಪ್ಪನಿಗೂ ಖಾತ್ರಿಯಾಗುತ್ತಿತ್ತು.

ಒಂಬತ್ತು ಗಂಟೆಗೆ ಸರ್ವಮಂಗಳಮ್ಮ ಪೂಜೆಗೆಂದು ಭರಣಿಗೆ ಕೈ ಹಾಕಿದಳು. ಮುಚ್ಚಳವಿದೆ ಎಂದುಕೊಂಡು ಎತ್ತಿದ ರಭಸಕ್ಕೆ ಕುಂಕುಮವೆಲ್ಲ ಅವಳ ಒಗೆದುಟ್ಟ ಸೀರೆಯ ಮೇಲಾಯಿತು.

"ಮುತ್ತೈದೆ ಭರಣಿ ಬೋಳು ಮಾಡಿರಲ್ರೀ!" ಎಂದು ಅವಳು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು ಕೂಗಿದ್ದು ಓಣಿಯ ತುದಿಯ ತನಕ ಕೇಳಿಸಿತು. "ಬಿಚ್ಚಿರಿ ಅದನ್ನ!"

"ಒಂದು ಗಂಟೆ ಬಸ್ಸಿಗೆ ಅಜ್ಜಾರು ಬರ್ತಾರೆ ಕಣೇ. ಸಾಯಂಕಾಲ ಕೊಡ್ತೀನಿ..."

ಗಂಡಹೆಂಡಿರ ಜಗಳ ಬಿಡಿಸುವುದೆಂದರೆ ಎದುರು ಮನೆಯ ಭೀಮಕ್ಕನಿಗೆ ಎಲ್ಲಿಲ್ಲದ ಆಸ್ಥೆ. ಒಲೆಯ ಮೇಲಿನ ಅನ್ನ ಹಾಗೇ ಬಿಟ್ಟು ಓಡಿಬಂದಳು. "ಬಿಡವ್ವಾ ಮಂಗಳಕ್ಕ, ಒಂದು ಮುಚ್ಚಳಕ್ಕೆ ಇಷ್ಟ್ಯಾಕೆ? ಗಂಡಸರಿಗೆ ಏನೋ ಒಂದು ಹುಚ್ಚು ಇರಬೇಕಪ್ಪ" ಎಂದು ಬುದ್ಧಿ ಹೇಳುತ್ತ ಇಂಜಿನ್ನಿನತ್ತ ಬಾಗಿದವಳು ಅಲ್ಲೇ ನಿಂತಳು. ಇಂಜಿನ್ನಿನ ಹೊಗೆ ಕೊಳವೆಯನ್ನು ಎಲ್ಲೋ ನೋಡಿದ ಹಾಗಿತ್ತು.

"ಜಯದೇವಣ್ಣ, ಇದು ನನ್ನ ಊದುಗೊಳವೆ ಅಲ್ವಾ?"

"ಪೂರ್ತಿ ಅಲ್ಲ ಭೀಮಕ್ಕ. ತುದಿ ಅಷ್ಟೇ. ಎರಡು ಬೆರಳು."

"ಅದಕ್ಕೇ! ಎರಡು ದಿನಕ್ಕೆ ಅಂತ ಇಸ್ಕಂಡು ಹೋಗಿ ತಂದುಕೊಟ್ಟಾಗಿಂದ ಒಲೆ ಊದಾಕೆ ಹೋದ್ರೆ ಹುಬ್ಬು ಸುಡ್ತೈತೆ! ನನ್ನ ಎರಡು ಬೆರಳು ನನಗೆ ಕೊಡು!"

ಈಗ ವಾದಿಗಳು ಇಬ್ಬರಾದರು. ಗದ್ದಲಕ್ಕೆ ಪಕ್ಕದ ಮನೆಯ ರಿಟೈರ್ಡ್ ಶೇಕದಾರ ಓಬಳಪ್ಪನವರು ಪಂಚಾಯ್ತಿ ಮಾಡಲು ಬಂದರು. ಮೂವತ್ತು ವರ್ಷ ಹೊಲದ ಬದುವಿನ ಜಗಳ ಬಗೆಹರಿಸಿದವರು. ಕುರ್ಚಿ ಹಾಕಿಸಿಕೊಂಡು, ಎರಡೂ ಕಡೆಯ ಮಾತು ಕೇಳಿ, "ಇದರಾಗೆ ಜಯದೇವಪ್ಪಂದು ದುರುದ್ದೇಶ ಏನೂ ಇಲ್ಲ" ಎಂದು ತೀರ್ಪು ಕೊಟ್ಟು, ಇಂಜಿನ್ನಿನ ಮುಂದಿನ ದೀಪವನ್ನು ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಮೆಲ್ಲಗೆ ಎದ್ದು ನಿಂತರು.

"ನನ್ನ ನಶ್ಯದ ಡಬ್ಬಿ!"

"ಸಾರ್, ನೀವೇ ಅಂಗಡೀಲಿ ಮರೆತು ಹೋಗಿದ್ರಿ..."

"ಮರೆತದ್ದನ್ನ ಕೊಡಬೇಕಪ್ಪ, ದೀಪ ಮಾಡೋದಲ್ಲ! ಮೂರು ತಿಂಗಳಿಂದ ನಶ್ಯ ಕಾಗದದ ಪೊಟ್ಟಣದಾಗೆ ಇಟ್ಕಂಡು, ಜೇಬೆಲ್ಲ ಸೀನ್ತೈತೆ!"

ಸುದ್ದಿ ಬಜಾರಿಗೆ ಹೋಗಲು ಎಷ್ಟು ಹೊತ್ತು? ಹನ್ನೊಂದೂವರೆಗೆ ಅಡಿಕೆ ಮಂಡಿಯ ಕೊಟ್ರಬಸಪ್ಪ ಸೈಕಲ್ಲಿನಿಂದ ಇಳಿದ. ಅವನ ರೆಕಾರ್ಡ್ ಪ್ಲೇಯರು ‘ಸ್ಪೇರ್ ಬರಬೇಕು’ ಎಂಬ ಕಾರಣಕ್ಕೆ ಐದು ತಿಂಗಳಿಂದ ಅಂಗಡಿಯಲ್ಲೇ ಮಲಗಿತ್ತು. ಅವನು ಯಾರನ್ನೂ ಏನೂ ಕೇಳಲಿಲ್ಲ. ನೇರವಾಗಿ ಇಂಜಿನ್ನನ್ನು ಬೋರಲು ಹಾಕಿ ಹೊಟ್ಟೆಯೊಳಗೆ ನೋಡಿದ. ಅಲ್ಲಿತ್ತು ಅವನ ಮೋಟಾರು.

"ಕೆಟ್ಟಿರೋ ಮೋಟಾರು ಇಲ್ಲಿ ಹೆಂಗೆ ತಿರುಗ್ತೈತೆ ಜಯದೇವಪ್ಪ?"

ಜಯದೇವಪ್ಪ ಬೆಸುಗೆ ಕಡ್ಡಿಯನ್ನು ಕಾಯಲಿಟ್ಟ. ನಾಲ್ಕು ವರ್ಷ ಕೂಡಿಸಿದ್ದನ್ನು ಒಂದು ತಾಸಿನಲ್ಲಿ ಬಿಡಿಸಿದ. ಗುಮ್ಮಟ ಭರಣಿಗೆ ಹೋಯಿತು, ಹೊಗೆ ಕೊಳವೆ ಭೀಮಕ್ಕನ ಮಡಿಲಿಗೆ, ದೀಪ ಓಬಳಪ್ಪನವರ ಜೇಬಿಗೆ, ಮೋಟಾರು ಸೈಕಲ್ಲಿನ ಕ್ಯಾರಿಯರಿಗೆ. "ತಗಂಡು ಹೋಗ್ರಿ, ಎಲ್ಲಾ ತಗಂಡು ಹೋಗ್ರಿ. ಈ ನಂಬರ್ ಬಿಲ್ಲೆ ಮಾತ್ರ ನಂದು. ಇದನ್ನ ಕೇಳಾಕೆ ಯಾರೂ ಬರಂಗಿಲ್ಲ" ಎಂದ.

ಒಂದು ಗಂಟೆಯ ಬಸ್ಸು ಅಪರೂಪಕ್ಕೆ ಅವತ್ತು ಸರಿಯಾದ ಹೊತ್ತಿಗೆ ಬಂತು. ಕೋಲೂರಿಕೊಂಡು ಚಿಕ್ಕಹನುಮಂತಪ್ಪ ಒಳಗೆ ಬಂದಾಗ ವಾದಿಗಳೆಲ್ಲ ತಮಾಷೆ ನೋಡಲು ಅಲ್ಲೇ ನಿಂತಿದ್ದರು.

"ಎಲ್ಲೈತಪ್ಪಾ ತಮ್ಮಾ ನಿನ್ನ ಇಂಜಿನ್ನು?"

ಜಯದೇವಪ್ಪ ತಲೆ ಎತ್ತದೆ ಬೋಳು ಡಬ್ಬದ ಕಡೆ ಕೈ ತೋರಿಸಿದ. ಮುದುಕರು ಕುಕ್ಕರಗಾಲಲ್ಲಿ ಕೂತು, ಕನ್ನಡಕ ಏರಿಸಿ, ಡಬ್ಬವನ್ನು ಮೂಸಿ, ಚಕ್ರಗಳನ್ನು ಒಂದೊಂದಾಗಿ ಸವರಿದರು. ಆಮೇಲೆ ಹಲ್ಲಿಲ್ಲದ ಬಾಯಿ ತುಂಬ ನಕ್ಕರು.

"ಥೇಟ್ ನಮ್ದೇ!"

"ಅಜ್ಜಾರೆ, ಇದರಾಗೆ ಏನೂ ಇಲ್ಲ. ಎಲ್ಲಾ ಬಿಚ್ಚಿಕಂಡು ಹೋದ್ರು."

"ಅದೇ ಮತ್ತೆ! ವಾರದಾಗೆ ನಾಕು ದಿನ ಷೆಡ್ಡಿನಾಗೆ ಹಿಂಗೇ ಬಿಚ್ಚಿ ಬಿದ್ದಿರ್ತಿತ್ತು. ಹಿಂಗಿದ್ರೇನೇ ನಮಗೆ ಧೈರ್ಯ. ಬಿಚ್ಚಿದ್ದು ನಾಳೆ ಓಡ್ತೈತೆ. ಓಡೋದು ಯಾವಾಗ ನಿಲ್ತೈತೋ ಯಾವನಿಗೆ ಗೊತ್ತು?"

ಜಯದೇವಪ್ಪನಿಗೆ ಹೋದ ಜೀವ ಬಂದಂತಾಯಿತು. ಸುತ್ತ ನಿಂತವರನ್ನು ಒಮ್ಮೆ ಹೆಮ್ಮೆಯಿಂದ ನೋಡಿ, "ಇದು ಏಳನೇ ನಂಬರಿನ ಇಂಜಿನ್ನು ಅಲ್ವೇ ಅಜ್ಜಾರೆ?" ಎಂದು ಕೇಳಿದ.

"ಏಳಾ? ನಮ್ಮ ಹತ್ರ ಇದ್ದದ್ದೇ ಎರಡು. ಒಂದು ಓಡೋದು, ಇನ್ನೊಂದು ಅದನ್ನ ಎಳ್ಕಂಡು ಬರೋದು. ಏಳು ಎಲ್ಲಿಂದ ಬಂತಪ್ಪಾ..." ಎನ್ನುತ್ತ ಮುದುಕರು ಇಂಜಿನ್ನನ್ನು ತಮ್ಮ ಕಡೆ ತಿರುಗಿಸಿಕೊಂಡರು. ಅವರ ಬೆರಳು ಬಿಲ್ಲೆಯ ಕಿವಿಯ ತಾಮ್ರದ ತಂತಿಯ ಮೇಲೆ ನಿಂತಿತು.

"ಈ ತಂತಿ ಸುತ್ತಿದೋನು ನಾನು. ಇದು ಇಂಜಿನ್ನಿಂದಲ್ಲ ತಮ್ಮಾ, ನಂದು. ಏಳನೇ ನಂಬರು ನಾನೇ."

ಎಲ್ಲರೂ ಹತ್ತಿರ ಸರಿದರು. ಮುದುಕರೇ ಹೇಳಿದರು. ಕೆಲಸಗಾರರಿಗೆಲ್ಲ ಒಂದೊಂದು ನಂಬರಿನ ಬಿಲ್ಲೆ, ಅದಿಲ್ಲದವನು ಇಂಜಿನ್ನು ಹತ್ತುವಂತಿಲ್ಲ ಎಂಬುದು ಅಲ್ಲಿಯ ಕಟ್ಟುನಿಟ್ಟು. ರೈಲಿನ ಕೊನೆಯ ಓಟದ ಹಿಂದಿನ ದಿನ ಬಿಲ್ಲೆ ಎಲ್ಲೋ ಬಿದ್ದುಹೋಗಿತ್ತು. ಹೂವು ಕಟ್ಟಿ ಹೊರಟ ಕೊನೆಯ ರೈಲನ್ನು ಅವರು ನೆಲದ ಮೇಲೆ ನಿಂತು ನೋಡಿದ್ದರು.

ಜಯದೇವಪ್ಪ ಮತ್ತೆ ಬೆಸುಗೆ ಕಡ್ಡಿ ಕಾಯಿಸಿದ. ಈ ಸಲ ಯಾರೂ ಕೇಳುವ ಮೊದಲೇ ಬಿಲ್ಲೆಯನ್ನು ಬಿಡಿಸಿ ಮುದುಕರ ಕೈಗಿಟ್ಟ. ಸರ್ವಮಂಗಳಮ್ಮ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದುಕೊಟ್ಟಳು. ಬಿಲ್ಲೆ ಅಂಗಿಯ ಎದೆಗೇರಿದ್ದೇ ತಡ, ಮುದುಕರು ಕೋಲು ಮೂಲೆಗಿಟ್ಟು ನೆಟ್ಟಗೆ ನಿಂತರು.

"ಫೈರ್‌ಮನ್ ಏಳನೇ ನಂಬರ್, ಡ್ಯೂಟಿಗೆ ಹಾಜರ್!"

"ಅಜ್ಜಾರೆ, ನಾಲ್ಕು ಗಂಟೆ ಬಸ್ಸು..."

"ಎಂಥ ಬಸ್ಸು? ಡ್ಯೂಟಿ ಮ್ಯಾಲೆ ಇರೋನು ಇಂಜಿನ್ ಹೊರಡೋತನಕ ಷೆಡ್ ಬಿಡಂಗಿಲ್ಲ. ಅದು ರೂಲು." ಚಾಪೆ ಎಳೆದು ಇಂಜಿನ್ನಿನ ಪಕ್ಕದಲ್ಲೇ ಕಾಲು ಚಾಚಿದರು. "ತಾಯಿ, ನನಗೆ ರಾತ್ರಿಗೆ ಎರಡೇ ರೊಟ್ಟಿ. ನೀನೇನು ನೋಡ್ತಾ ನಿಂತೆ ತಮ್ಮಾ? ಹೋಗು, ಹೊಗೆ ಕೊಳವೆ ತಗಂಡು ಬಾ."

ಇಂಜಿನ್ನಿಗೆ ಈಗ ನಂಬರೂ ಇರಲಿಲ್ಲ. ಮೂರು ಬೋಗಿಯ ಬಣ್ಣ ಕೆರೆಯಬೇಕು, ಮೇಲೆ ಕೆಲಸ ಹೇಳಲು ಮನೆಯೊಳಗೊಬ್ಬ ಯಜಮಾನ ಬೇರೆ. ಆದರೂ ಜಯದೇವಪ್ಪನಿಗೆ ಯಾಕೋ ನಗು ತಡೆಯಲಾಗಲಿಲ್ಲ.

"ಮುಚ್ಚಳ ನಾಳೆ ಪೂಜೆ ಆಗಿ ಹತ್ತು ಗಂಟೆ ಮ್ಯಾಲೆ ಸಿಗ್ತೈತೆ" ಎಂದಳು ಸರ್ವಮಂಗಳಮ್ಮ, ಎತ್ತಲೋ ನೋಡುತ್ತ. "ದೀಪ ಹಚ್ಚೋದರೊಳಗೆ ವಾಪಸ್ಸು ಬರಬೇಕು."

ಜಯದೇವಪ್ಪ ಭೀಮಕ್ಕನ ಮುಂದೆ ಹೋಗಿ ಕೈ ಒಡ್ಡಿದ. ಭೀಮಕ್ಕ ಮಡಿಲಿನ ಗಂಟು ಬಿಗಿಯಾಗಿ ಹಿಡಿದುಕೊಂಡಳು.

"ಎಷ್ಟು ದಿನಕ್ಕೆ ಜಯದೇವಣ್ಣ?"

"ಎರಡೇ ದಿನಕ್ಕೆ ಭೀಮಕ್ಕ."